ರಿಪೋರ್ಟ್ ಸರಿಯಿದ್ದರೂ ನೋವು ಸುಳ್ಳಲ್ಲ

ಪ್ರತಿ ತಿಂಗಳೂ ಮುಟ್ಟಿನ ದಿನಗಳಲ್ಲಿ ಮಗಳು ಹೊಟ್ಟೆ ಹಿಡಿದುಕೊಂಡು ಮಲಗುತ್ತಾಳೆ. ಶಾಲೆ ತಪ್ಪುತ್ತದೆ. ರಕ್ತ ಪರೀಕ್ಷೆ ಮಾಡಿಸುತ್ತೀರಿ. ರಿಪೋರ್ಟಿನಲ್ಲಿ ಎಲ್ಲವೂ ಸರಿಯಾಗಿದೆ. ‘ಏನೂ ಇಲ್ಲವಂತೆ, ಮದುವೆಯಾದರೆ ಸರಿಹೋಗುತ್ತದೆ’ ಎಂದು ಮನೆಯ ಹಿರಿಯರು ತೀರ್ಪು ಕೊಟ್ಟುಬಿಡುತ್ತಾರೆ. ಈ ತೀರ್ಪು ತಪ್ಪು.

ಗರ್ಭಕೋಶದ ಒಳಪೊರೆಯನ್ನು ಹೋಲುವ ಅಂಗಾಂಶವು ಅಂಡಾಶಯ, ಕಿಬ್ಬೊಟ್ಟೆಯ ಒಳಗಿನ ಪೊರೆ ಮುಂತಾದ ಕಡೆ ಬೆಳೆಯುವುದಕ್ಕೆ ಎಂಡೊಮೆಟ್ರಿಯೋಸಿಸ್ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನ ಸುಮಾರು 19 ಕೋಟಿ ಸ್ತ್ರೀಯರಿಗೆ, ಅಂದರೆ ಸಂತಾನೋತ್ಪತ್ತಿ ವಯಸ್ಸಿನ ಪ್ರತಿ 10 ಮಂದಿಯಲ್ಲಿ ಒಬ್ಬರಿಗೆ ಈ ತೊಂದರೆಯಿದೆ. ಇರಬಾರದ ಜಾಗದಲ್ಲಿ ಬೆಳೆದ ಈ ಅಂಗಾಂಶದ ಸುತ್ತ ಉರಿಯೂತ ಉಂಟಾಗುತ್ತದೆ. ಅದು ಉಳಿದು ಬೆಳೆಯಲು ಹೊಸ ರಕ್ತನಾಳಗಳೂ ಹುಟ್ಟಿಕೊಳ್ಳುತ್ತವೆ. ಆದ್ದರಿಂದಲೇ ಉರಿಯೂತವನ್ನು ಸೂಚಿಸುವ ಸಿ.ಆರ್.ಪಿ., ಇಂಟರ್‌ಲ್ಯೂಕಿನ್-6 ಮತ್ತು ರಕ್ತನಾಳಗಳನ್ನು ಬೆಳೆಸುವ ವಿ.ಇ.ಜಿ.ಎಫ್. ಎಂಬ ಪ್ರೋಟೀನುಗಳು ಕೆಲವು ರೋಗಿಗಳ ರಕ್ತದಲ್ಲಿ ಹೆಚ್ಚಾಗಿರುತ್ತವೆ.

ಹಾಗಾದರೆ ರಕ್ತದಿಂದಲೇ ರೋಗ ಪತ್ತೆ ಮಾಡಬಾರದೇಕೆ? ಸೋಂಕು ತಗುಲಿ ಜ್ವರ ಬಂದರೂ ಸಿ.ಆರ್.ಪಿ. ಏರುತ್ತದೆ. ಗಾಯ ಮಾಯುವಾಗಲೂ ವಿ.ಇ.ಜಿ.ಎಫ್. ಕೆಲಸ ಮಾಡುತ್ತದೆ. ವೈದ್ಯರು ಕೆಲವೊಮ್ಮೆ ಬರೆದುಕೊಡುವ ಸಿ.ಎ.-125 ಪರೀಕ್ಷೆಯೂ ಹೀಗೆಯೇ. ಮುಟ್ಟಿನಲ್ಲಿ, ಬಸಿರಿನಲ್ಲಿ, ಹೊಟ್ಟೆಯ ಕ್ಷಯದಲ್ಲಿ, ಅಂಡಾಶಯದ ಕ್ಯಾನ್ಸರಿನಲ್ಲಿ ಅದು ಏರಬಹುದು. ಎಂಡೊಮೆಟ್ರಿಯೋಸಿಸ್ ಇದ್ದವರಲ್ಲೂ ಏರದೆ ಇರಬಹುದು. 2016ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆಯು ರಕ್ತದ ಇಂಥ ಅನೇಕ ಸೂಚಕಗಳನ್ನು ಪರಿಶೀಲಿಸಿ, ರೋಗನಿರ್ಣಯಕ್ಕೆ ನೆಚ್ಚಿಕೊಳ್ಳುವಂಥದು ಯಾವುದೂ ಇಲ್ಲವೆಂದಿತು. ಯುರೋಪಿನ ತಜ್ಞರ 2022ರ ಮಾರ್ಗಸೂಚಿಯೂ ಇವನ್ನು ಬಳಸಬೇಡಿ ಎನ್ನುತ್ತದೆ.

ಸಂಶೋಧನೆ ಮುಂದುವರಿಯಲಿ. ಆದರೆ ಅಲ್ಲಿಯವರೆಗೆ ಕಾಗದದ ಮೇಲಿನ ಅಂಕಿಗಿಂತ ನೋವುಣ್ಣುವವಳ ಮಾತಿಗೆ ಹೆಚ್ಚು ಬೆಲೆ ಕೊಡಬೇಕೆಂಬುದು ನನ್ನ ಅಭಿಪ್ರಾಯ. ನೋವುಮಾತ್ರೆಗೂ ಬಗ್ಗದ ಮುಟ್ಟಿನ ನೋವು, ಮಲಮೂತ್ರ ವಿಸರ್ಜನೆಯ ವೇಳೆ ಅಥವಾ ದಾಂಪತ್ಯ ಸಂಬಂಧದಲ್ಲಿ ನೋವು, ಮಕ್ಕಳಾಗದಿರುವುದು: ಇವುಗಳಲ್ಲಿ ಯಾವುದಿದ್ದರೂ ಸ್ತ್ರೀರೋಗ ತಜ್ಞರನ್ನು ಕಾಣಿ. ಯಾವ ದಿನ, ಎಷ್ಟು ನೋವು ಎಂಬುದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಹೋಗಿ. ಸ್ಕ್ಯಾನಿಂಗಿನಲ್ಲಿ ಏನೂ ಕಾಣದಿದ್ದರೂ ರೋಗ ಇಲ್ಲವೆಂದಲ್ಲ. ಲಕ್ಷಣಗಳನ್ನು ನೋಡಿಯೇ ಔಷಧ ಆರಂಭಿಸಬಹುದು. ಎಲ್ಲರಿಗೂ ಮೊದಲೇ ಲ್ಯಾಪರೋಸ್ಕೋಪಿ ಬೇಕಿಲ್ಲ.

ಮಗಳು ನೋವು ಎಂದಾಗ ಮೊದಲು ನಂಬಿ. ರಿಪೋರ್ಟನ್ನು ಆಮೇಲೆ ಓದಿ.