ಬಿಗಿ ಬಿಡಿಸೋ ಮಾತ್ರೆ ಮತ್ತು ಯಾರೂ ಹೇಳದ ಮೂರು ಮಾತು

ಪಾರ್ಶ್ವವಾಯು ಆದವರ ಕೈಕಾಲು ಕೆಲವು ವಾರಗಳ ನಂತರ ಕೊರಡಿನಂತೆ ಬಿಗಿದುಕೊಳ್ಳುವುದನ್ನು ನಿಮ್ಮಲ್ಲೂ ಹಲವರು ನೋಡಿರುತ್ತೀರಿ. ಆ ಬಿಗಿತಕ್ಕೆ ಸಾಮಾನ್ಯವಾಗಿ ಬರೆದುಕೊಡುವ ಮಾತ್ರೆಗಳಲ್ಲಿ ಬ್ಯಾಕ್ಲೋಫೆನ್ ಒಂದು. ಒಳ್ಳೆಯ ಔಷಧಿಯೇ. ನನ್ನ ತಕರಾರು ಮಾತ್ರೆಯ ಮೇಲಲ್ಲ, ಏನೂ ಹೇಳದೆ ಅದನ್ನು ಕೊಡುವುದರ ಮೇಲೆ.

ನಮ್ಮ ದೊಡ್ಡಪ್ಪನನ್ನೇ ತೊಗೊಳ್ಳಿ. ವಾಕರ್ ಹಿಡಿದು ಹಜಾರದಿಂದ ಬಚ್ಚಲವರೆಗೆ ನಡೆಯುತ್ತಿದ್ದರು. ಈ ಮಾತ್ರೆ ದಿನಕ್ಕೆ ಮೂರು ಹೊತ್ತು, 10 ಮಿಲಿಗ್ರಾಂನಂತೆ ಶುರುವಾಯಿತು. ನಾಲ್ಕೇ ದಿನಕ್ಕೆ ಎಡಮಂಡಿ ಕುಸಿಯತೊಡಗಿತು, ತಟ್ಟೆ ಮುಂದೆಯೇ ತೂಕಡಿಕೆ. ಇನ್ನೊಂದು ಸ್ಟ್ರೋಕ್ ಆಯಿತೇನೋ ಅಂತ ದೊಡ್ಡಮ್ಮ ಹೆದರಿದರು. ನೋಡಲು ಬಂದ ನೆಂಟರು "ಅವರೇ ಮನಸ್ಸು ಮಾಡ್ತಿಲ್ಲ" ಅಂದುಬಿಟ್ಟರು. "ಹೊಸ ಮಾತ್ರೆ ಏನಾದ್ರೂ ಶುರುವಾಗಿದೆಯಾ?" ಅಂತ ಕೇಳಿದ್ದು ಫಿಸಿಯೋಥೆರಪಿಸ್ಟ್ ಒಬ್ಬರೇ. ಡಾಕ್ಟರು ಡೋಸ್ ಇಳಿಸಿದ ಮೇಲೆ ಕಾಲು ಮತ್ತೆ ನಿಂತಿತು.

ಯಾಕೆ ಹೀಗೆ? ಶಕ್ತಿ ಕಳೆದುಕೊಂಡ ಕಾಲಿಗೆ ಎಷ್ಟೋ ಸಲ ಆ ಬಿಗಿತವೇ ಊರುಗೋಲು. ಮಾತ್ರೆ ಬೆನ್ನುಹುರಿಯಲ್ಲಿ ನರಗಳ ಸಂಕೇತವನ್ನು ತಗ್ಗಿಸುತ್ತೆ. ನೋಯಿಸುವ ಬಿಗಿ ಯಾವುದು, ನಿಲ್ಲಿಸಿರುವ ಬಿಗಿ ಯಾವುದು ಅನ್ನೋದು ಅದಕ್ಕೆ ಗೊತ್ತಾಗಲ್ಲ. ಅದಕ್ಕೇ 5 ಮಿಲಿಗ್ರಾಂನಿಂದ ಶುರುಮಾಡಿ ಮೆಲ್ಲಗೆ ಏರಿಸುವುದು ವಾಡಿಕೆ. ಇದು ಹೆಚ್ಚಾಗಿ ಮೂತ್ರದಲ್ಲೇ ಹೊರಹೋಗುವ ಔಷಧಿ. ಹಾಗಾಗಿ ಕಿಡ್ನಿ ದುರ್ಬಲವಾಗಿರುವವರಿಗೆ ಬುದ್ಧಿ ಮಂಕಾಗುವುದು, ಪ್ರಜ್ಞೆ ತಪ್ಪುವುದೂ ಉಂಟು. ಇದೇ ಕೆಲಸಕ್ಕೆ ಕೊಡುವ ಟಿಜಾನಿಡಿನ್‌ನಿಂದ ಬಿಪಿ ಇಳಿಯಬಹುದು. ಅದರ ಜೊತೆ ಸಿಪ್ರೋಫ್ಲಾಕ್ಸಾಸಿನ್ ಅನ್ನೋ ಆಂಟಿಬಯಾಟಿಕ್ ಕೊಡಲೇಬಾರದು.

ಹಾಗಾದರೆ ನಿಲ್ಲಿಸಿಬಿಡೋಣ ಅಂತೀರಾ? ಅದು ಇನ್ನೂ ಅಪಾಯ. ಕೆಲಕಾಲ ತೊಗೊಂಡ ಬ್ಯಾಕ್ಲೋಫೆನ್ ದಿಢೀರನೆ ನಿಲ್ಲಿಸಿದರೆ ಇಲ್ಲದ್ದೆಲ್ಲ ಕಾಣಿಸಬಹುದು, ಫಿಟ್ಸ್ ಬರಬಹುದು. ಇಳಿಸುವುದಿದ್ದರೂ ಡಾಕ್ಟರು ಹೇಳಿದಂತೆ, ಹಂತಹಂತವಾಗಿ.

ಮೆಡಿಕಲ್ ಶಾಪಿನವರು ಸ್ಟ್ರಿಪ್ ಕತ್ತರಿಸಿ ನಾಲ್ಕು ಮಾತ್ರೆ ಕೊಟ್ಟರೆ ಅದರ ಜೊತೆ ಮಾಹಿತಿ ಚೀಟಿ ಬರಲ್ಲ. ಬಂದರೂ ಇರುವೆಸಾಲಿನಂಥ ಇಂಗ್ಲಿಷು. ನಾನು ಕೇಳುವುದು ಬಹಳವೇನಲ್ಲ. ಮಾತ್ರೆ ಬರೆಯುವಾಗ ಕನ್ನಡದಲ್ಲಿ ಮೂರು ಮಾತು: ಕಾಲು ಸೋಲಬಹುದು, ನಿದ್ದೆ ಎಳೆಯಬಹುದು, ನೀವಾಗೇ ನಿಲ್ಲಿಸಬೇಡಿ. ಜೊತೆಗೆ, ದಿನಾ ಕಾಲು ಹಿಡಿದು ನಡೆಸುವ ಫಿಸಿಯೋಥೆರಪಿಸ್ಟ್‌ಗೆ ಒಂದು ಫೋನು. ಅರ್ಧ ನಿಮಿಷದ ಕೆಲಸ.

ಮನೆಯವರಿಗೂ ಒಂದು ಮಾತು. ನಡೆಯುತ್ತಿದ್ದವರು ಇದ್ದಕ್ಕಿದ್ದಂತೆ ಕುಸಿದರೆ ಮೊದಲು ಡಾಕ್ಟರಿಗೆ ತೋರಿಸಿ, ಹೊಸ ಮಾತ್ರೆಯನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ. "ಸೋಮಾರಿ" ಅಂತ ಮಾತ್ರ ಅನ್ನಬೇಡಿ. ಕಾಲು ಒಂದು ವಾರದಲ್ಲಿ ಸುಧಾರಿಸಬಹುದು, ಆ ಮಾತಿನ ನೋವು ಅಷ್ಟು ಬೇಗ ಹೋಗಲ್ಲ.

ನಿಮ್ಮ ಮನೆಗಳಲ್ಲೂ ಹೀಗೆ ಆಗಿದೆಯಾ? ನಿಮಗೆ ಯಾರಾದರೂ ಮೊದಲೇ ಹೇಳಿದ್ದರಾ?