ಕೂಸಿನ ತಯಾರಿ ಯಾರು ಮಾಡಬೇಕು?

ಎಲ್‌ಕೆಜಿಗೆ ಹೋಗುವ ಮಗುವನ್ನು ತಯಾರು ಮಾಡುವುದು ಹೇಗೆಂದು ಪಟ್ಟಣದ ತಾಯಂದಿರಿಗೆ ಹೇಳಿಕೊಡುವವರು ಬಹಳ ಮಂದಿ ಇದ್ದಾರೆ. ಬ್ಯಾಗು, ನೀರಿನ ಬಾಟಲಿ, ಟೈ, ಬೂಟು. ಗೇಟಿನಲ್ಲಿ ಅತ್ತರೆ ತಿರುಗಿ ನೋಡಬೇಡಿರೆಂಬ ಬುದ್ಧಿಮಾತು ಬೇರೆ.

ಯಾದಗಿರಿ, ಶಹಾಪುರ, ಸುರಪುರದ ಕೇರಿ-ತಾಂಡಾಗಳ ಕಥೆಯೇ ಬೇರೆ. ಅವ್ವ ಹತ್ತಿ ಬಿಡಸಾಕ, ಮೆಣಸಿನಕಾಯಿ ಹರಿಯಾಕ ಮುಂಜಾನೆದ್ದು ಹೋಗುತ್ತಾಳೆ. ನಾಲ್ಕು ವರ್ಷದ ತಮ್ಮನ ಕೈ ಹಿಡಿದು, ಒಂದು ವರ್ಷದ ತಂಗಿಯನ್ನು ಬಗಲಲ್ಲಿ ಎತ್ತಿಕೊಳ್ಳುವವಳು ಒಂಬತ್ತು ವರ್ಷದ ಅಕ್ಕ. 'ಇವನ್ನ ಯಾರು ನೋಡಬೇಕವ್ವಾ, ನೀನೇ ಮನ್ಯಾಗ ಇರು' ಅಂದರೆ ಅವಳ ಸಾಲಿ ಮುಗೀತು. ಸಣ್ಣ ಕೂಸಿನ ಮೊದಲ ದಿನ ತಪ್ಪಿದ ಮನೆಯಲ್ಲಿ ದೊಡ್ಡ ಕೂಸಿನ ಕೊನೆಯ ದಿನ ಬರುತ್ತದೆ.

2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇಕಡಾ 51.83. ಇಡೀ ರಾಜ್ಯಕ್ಕೇ ಕೊನೆ. ಹತ್ತು ಹೆಂಗಸರಲ್ಲಿ ಸುಮಾರು ಆರು ಮಂದಿಗೆ ಅಕ್ಷರವಿರಲಿಲ್ಲ. ಅಂಥ ತಾಯಿಗೆ 'ಮನೆಯಲ್ಲೇ ಮಗುವಿಗೆ ನಾಲ್ಕಕ್ಷರ ಕಲಿಸಿ ಕಳಿಸಿರಿ' ಎನ್ನುವುದು ಬುದ್ಧಿವಾದವೋ, ಗೇಲಿಯೋ?

ಕಾಯ್ದೆಯ ಮೋಸ ನೋಡಿರಿ. 1950ರ ಸಂವಿಧಾನದ 45ನೇ ವಿಧಿ ಹದಿನಾಲ್ಕು ತುಂಬುವವರೆಗಿನ ಎಲ್ಲ ಮಕ್ಕಳಿಗೆ ಹತ್ತು ವರ್ಷದೊಳಗೆ ಶಿಕ್ಷಣ ಕೊಡಲು ಪ್ರಯತ್ನಿಸಬೇಕೆಂದಿತು. ಸಣ್ಣ ಕೂಸೂ ಅದರೊಳಗಿತ್ತು. 2002ರ 86ನೇ ತಿದ್ದುಪಡಿ ಆರರಿಂದ ಹದಿನಾಲ್ಕರವರೆಗೆ ಮಾತ್ರ ಹಕ್ಕು ಕೊಟ್ಟು, ಆರರ ಒಳಗಿನವರನ್ನು ಹಳೆಯ 'ಪ್ರಯತ್ನ'ದಲ್ಲೇ ಬಿಟ್ಟಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 11ನೇ ಕಲಮು ಸರ್ಕಾರ ಪೂರ್ವ ಪ್ರಾಥಮಿಕದ ಏರ್ಪಾಡು ಮಾಡಬಹುದು ಎನ್ನುತ್ತದೆ. ಉಳ್ಳವರ ಮಗುವಿಗೆ ದುಡ್ಡಿದೆ. ನಮ್ಮ ಮಗುವಿಗೆ ಈ 'ಬಹುದು' ಇದೆ.

ಶಿಶುವಿಹಾರ ಶ್ರೀಮಂತರ ಆಸ್ತಿಯಲ್ಲ. ಮಾಂಟೆಸ್ಸರಿ 1907ರಲ್ಲಿ ಮಕ್ಕಳ ಮನೆ ತೆರೆದದ್ದು ರೋಮಿನ ಕೂಲಿಕಾರರ ಕೇರಿಯಲ್ಲಿ. ಇವತ್ತು ಅದೇ ಹೆಸರಿನ ಬೋರ್ಡು ಹಾಕಿ ಫೀಸು ವಸೂಲಿ ಮಾಡುತ್ತಾರೆ! ತಾರಾಬಾಯಿ ಮೋಡಕ್, ಅನುತಾಯಿ ವಾಘ್ 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಯಲ್ಲಿ ಬಾಲವಾಡಿ ಶುರು ಮಾಡಿದರು. ಅಲ್ಲಿಗೆ ಬಾರದ ಅಸ್ಪೃಶ್ಯರ ಮಕ್ಕಳಿಗಾಗಿ ಅವರ ಅಂಗಳಕ್ಕೇ ಶಾಲೆಯನ್ನು ಒಯ್ದರು. ಅಂಗನವಾಡಿ ಎಂಬ ಮಾತಿನಲ್ಲಿ ಆ ಅಂಗಳ ಇನ್ನೂ ಇದೆ.

2024ರಲ್ಲಿ ಕಲ್ಯಾಣ ಕರ್ನಾಟಕದ ಸಾವಿರಕ್ಕೂ ಹೆಚ್ಚು ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯುವ ನಿರ್ಧಾರವಾಯಿತು. ಅಂಗನವಾಡಿಗಳು ಬರಿದಾಗುತ್ತವೆಂದು ಕಾರ್ಯಕರ್ತೆಯರು ಬೆಂಗಳೂರಿನ ಬೀದಿಗಿಳಿದರು. ಅವರ ಸಿಟ್ಟು ನ್ಯಾಯವಾದದ್ದು. 1975ರಿಂದ ದೇಶದ ಬಡ ಮಕ್ಕಳನ್ನು ಗೌರವಧನದ ಮೇಲೆ ಸಾಕಿದವರು ಅವರು. ಎಲ್‌ಕೆಜಿ ಬೇಕೆಂಬ ಕೂಲಿ ತಾಯಿಯ ಆಸೆಯೂ ನ್ಯಾಯವಾದದ್ದೇ. ಆದರೆ ನಾಲ್ಕು ವರ್ಷದವನು ಎಲ್‌ಕೆಜಿಗೆ ಹೋದರೂ ಒಂದು ವರ್ಷದವಳು ಮನೆಯಲ್ಲೇ ಉಳಿದರೆ ಅಕ್ಕ ಬಿಡುಗಡೆಯಾಗುವುದಿಲ್ಲ. ಆದ್ದರಿಂದ ಕೂಸಿನ ಮನೆಯೂ ಬೇಕು, ಅಂಗನವಾಡಿಯೂ ಬೇಕು. ಎರಡನ್ನೂ ಒಂದರ ಮೇಲೊಂದು ಛೂ ಬಿಡುವ ಆಟ ಬೇಡ.

ಅನ್ನದಲ್ಲೂ ಜಾತಿ ಇದೆ. 2021ರ ಡಿಸೆಂಬರಿನಲ್ಲಿ ಯಾದಗಿರಿ ಸೇರಿ ಏಳು ಜಿಲ್ಲೆಗಳ ಶಾಲೆಗಳಿಗೆ ಮೊಟ್ಟೆ ಬಂದಾಗ ಕೆಲವು ಮಠಾಧೀಶರು ಎದ್ದು ನಿಂತರು. ಬೇಡವೆಂದವರಿಗೆ ಬಾಳೆಹಣ್ಣು ಇತ್ತಲ್ಲ, ತಿನ್ನುವ ಮಗುವಿನ ತಾಟಿಗೆ ಯಾಕೆ ಕೈ ಹಾಕುತ್ತೀರಿ? ದಲಿತ ಹೆಣ್ಣುಮಗಳು ಒಲೆ ಹಚ್ಚಿದರೆ ಮಕ್ಕಳನ್ನು ಕಳಿಸದ ಊರಿನಲ್ಲಿ ಮೊದಲ ದಿನದ ತಯಾರಿ ಬೇಕಾದದ್ದು ದೊಡ್ಡವರಿಗೆ.

ನಮ್ಮ ಬೇಡಿಕೆ ಸರಳ. ಅವ್ವ ಹೊಲಕ್ಕೆ ಹೋಗುವಾಗ ಬಾಗಿಲು ತೆರೆಯಲಿ, ಬರುವತನಕ ತೆರೆದಿರಲಿ. ಕಾರ್ಯಕರ್ತೆಗೆ ಶಿಕ್ಷಕಿಯ ತರಬೇತಿ, ಶಿಕ್ಷಕಿಯ ಸಂಬಳ ಸಿಗಲಿ. ಬೆಂಗಳೂರು, ಮುಂಬೈಗೆ ಗುಳೆ ಹೋಗಿ ಬಂದ ಕೂಸಿಗೆ ಯಾವ ತಿಂಗಳಲ್ಲಾದರೂ ಹೆಸರು ಹಚ್ಚುವಂತಾಗಲಿ. ಲಂಬಾಣಿ ಆಡುವ, ಉರ್ದು ಆಡುವ, ಕೇರಿಯ ಕನ್ನಡ ಆಡುವ ಮಗುವಿನ ಬಾಯಿಯನ್ನು ಮೊದಲ ದಿನವೇ ಇಂಗ್ಲಿಷಿನಿಂದ ಮುಚ್ಚಬೇಡಿರಿ.

ಹಳ್ಳಿಯ ಮಾಸ್ತರರೇ, ಜೂನ್‌ನಲ್ಲಿ ಹಾಜರಿ ಪುಸ್ತಕ ತೆರೆದಾಗ ಬಂದ ಕೂಸುಗಳನ್ನು ಎಣಿಸಿ ಸುಮ್ಮನಾಗಬೇಡಿರಿ. ಕೇರಿಗೆ ಹೋಗಿ, ಬಗಲಲ್ಲಿ ಕೂಸು ಹೊತ್ತು ನಿಂತ ಅಕ್ಕಂದಿರನ್ನು ಎಣಿಸಿರಿ. ಆ ಲೆಕ್ಕವನ್ನು ಗ್ರಾಮಸಭೆಯಲ್ಲಿ ಎಲ್ಲರೆದುರು ಓದಿರಿ. ವಿದ್ಯಾರ್ಥಿ ಗೆಳೆಯರೇ, ಆ ದಿನ ಅವರ ಬೆನ್ನಿಗೆ ನಿಲ್ಲಿರಿ.