ತೆಂಗಿನ ಸೀಮೆಯಿಂದ ಜೀವವಿಕಾಸದ ಓದಿಗೆ ಎಷ್ಟು ದೂರ?

ನಮ್ಮ ಕಡೆ ‘ಎಂ.ಎಸ್‌. ಮಾಡೋಕೆ ಫಾರಿನ್‌ಗೆ ಹೋಗ್ತೀನಿ’ ಅಂದರೆ ಯಾವ ವಿಷಯ ಎಂದು ಯಾರೂ ಕೇಳುವುದಿಲ್ಲ. ಕಂಪ್ಯೂಟರ್‌ ಸೈನ್ಸ್‌, ಇಲ್ಲದಿದ್ದರೆ ಡೇಟಾ ಸೈನ್ಸ್‌ ಎಂದು ಅವರೇ ಅಂದುಕೊಳ್ಳುತ್ತಾರೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಎಂಜಿನಿಯರಿಂಗ್‌ ಹುಡುಗ ಹುಡುಗಿಯರ ಲೆಕ್ಕ ಒಂದೇ. ಮನೆಯವರು ಸಾಲ ಮಾಡುತ್ತಾರೆ, ಅಮೆರಿಕದ ಸಂಬಳದಲ್ಲಿ ಮೂರ್ನಾಲ್ಕು ವರ್ಷದಲ್ಲಿ ತೀರುತ್ತದೆ.

ಆ ಲೆಕ್ಕ ಈಗ ಕೈಕೊಡುತ್ತಿದೆ. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಸರ್ಕಾರ ಹೊಸ ಎಚ್‌–1ಬಿ ಅರ್ಜಿಗೆ 1 ಲಕ್ಷ ಡಾಲರ್‌ ಶುಲ್ಕ ಘೋಷಿಸಿತು. ಅಲ್ಲೇ ಓದುತ್ತಿರುವವರಿಗೆ ಆಮೇಲೆ ಸಡಿಲಿಕೆಯ ಸ್ಪಷ್ಟನೆ ಬಂದರೂ ಹೊಕ್ಕ ಭಯ ಹೊರಗೆ ಹೋಗಿಲ್ಲ. ಬ್ರಿಟನ್‌ ಓದು ಮುಗಿದ ಮೇಲೆ ಕೊಡುವ ಎರಡು ವರ್ಷದ ವೀಸಾವನ್ನು 2027ರ ಜನವರಿಯಿಂದ ಸ್ನಾತಕೋತ್ತರದವರಿಗೆ 18 ತಿಂಗಳಿಗೆ ಇಳಿಸುತ್ತಿದೆ. ಕೆನಡಾ 2024ರಲ್ಲೇ ವಿದ್ಯಾರ್ಥಿ ಪರವಾನಗಿಗೆ ಮಿತಿ ಹಾಕಿದೆ. ‘ಸೇಫ್‌’ ಎನ್ನಿಸಿದ್ದ ವಿಷಯವೇ ಸೇಫ್‌ ಅಲ್ಲ ಎಂದಾದಾಗ, ಮನಸ್ಸಿನಲ್ಲಿದ್ದ ಬೇರೆ ವಿಷಯವನ್ನು ಬಾಯಿಬಿಟ್ಟು ಹೇಳಲು ಧೈರ್ಯ ಬರುತ್ತದೆ. ನನ್ನ ಮನಸ್ಸಿನಲ್ಲಿರುವುದು ಜೀವವಿಕಾಸ ಮತ್ತು ಪರಿಸರ ವಿಜ್ಞಾನ.

‘ಬಿ.ಇ. ಓದ್ತಾ ಇದಕ್ಕೂ ನಿಂಗೂ ಏನಪ್ಪಾ ಸಂಬಂಧ’ ಎನ್ನುವವರಿಗೆ ನಮ್ಮ ತೋಟವನ್ನೇ ತೋರಿಸುತ್ತೇನೆ. ಭಾರತದಲ್ಲಿ ತೆಂಗಿನ ನುಸಿ ಮೊದಲು ಕಾಣಿಸಿಕೊಂಡಿದ್ದು 1998ರಲ್ಲಿ, ಕೇರಳದಲ್ಲಿ. ಸ್ವಲ್ಪ ವರ್ಷದಲ್ಲೇ ಅದು ನಮ್ಮ ಸೀಮೆಗೂ ಬಂತು. ನಾನಿನ್ನೂ ಹುಟ್ಟಿರಲಿಲ್ಲ; ಆದರೆ ಮನೆಯಲ್ಲಿ ಹಿರಿಯರು ಈಗಲೂ ಕಾಲ ಹೇಳುವುದು ‘ನುಸಿ ಬರೋಕ್‌ ಮುಂಚೆ’, ‘ನುಸಿ ಬಂದ್‌ ಮೇಲೆ’ ಎಂದೇ. ಕಣ್ಣಿಗೆ ಕಾಣದ ಆ ಜೀವಿ ಎಲ್ಲಿಂದ ಬಂತು? 2005ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನವೊಂದು ಬೇರೆ ಬೇರೆ ಖಂಡಗಳ ನುಸಿಗಳನ್ನು ಹೋಲಿಸಿ ನೋಡಿತು. ಅಮೆರಿಕ ಖಂಡದ ನುಸಿಗಳಲ್ಲಿ ವೈವಿಧ್ಯ ಹೆಚ್ಚು, ಆಫ್ರಿಕಾ–ಏಷ್ಯಾದವುಗಳಲ್ಲಿ ಬಹಳ ಕಡಿಮೆ. ಅಂದರೆ ಮೂಲ ಅಲ್ಲಿ. ಇಲ್ಲಿಗೆ ಬಂದಿದ್ದು ಕೆಲವೇ ಕೆಲವು, ಅವುಗಳ ಸಂತಾನವೇ ತೋಟಗಳನ್ನೆಲ್ಲ ಹಾಳುಮಾಡಿದ್ದು. ಇದು ಜೀವವಿಕಾಸದ ಪಾಠವಲ್ಲದೆ ಇನ್ನೇನು?

ಬಿಳಿನೊಣದ ಕಥೆ ಇನ್ನೂ ಹತ್ತಿರದ್ದು. ಸುರುಳಿ ಬಿಳಿನೊಣ 2016ರಲ್ಲಿ ತಮಿಳುನಾಡಿನ ಪೊಳ್ಳಾಚಿ ಕಡೆ ಪತ್ತೆಯಾಯಿತು. ಗರಿಯ ಅಡಿಯಲ್ಲಿ ಕೂತು ರಸ ಹೀರುತ್ತದೆ, ಅದು ಬಿಡುವ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆದು ತೋಟ ಮಸಿ ಬಳಿದಂತಾಗುತ್ತದೆ. ಇದನ್ನು ಕಂಡರೆ ಯಾರಿಗಾದರೂ ಮೊದಲು ಅನ್ನಿಸುವುದು ಔಷಧ ಹೊಡೆಸಬೇಕು ಎಂದು. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಕೇಂದ್ರ ಹೇಳುವುದು ಅದಕ್ಕೆ ಪೂರಾ ಉಲ್ಟಾ: ರಾಸಾಯನಿಕ ಹೊಡೆಯಬೇಡಿ. ಏಕೆಂದರೆ ಆ ನೊಣದ ಮರಿಯೊಳಗೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಎನ್‌ಕಾರ್ಸಿಯಾ ಎಂಬ ಚಿಕ್ಕ ಕಣಜವೂ ಇಲ್ಲಿದೆ; ಔಷಧಕ್ಕೆ ಮೊದಲು ಸಾಯುವುದು ಅದೇ. ಶತ್ರು, ಶತ್ರುವಿನ ಶತ್ರು, ನಡುವೆ ರೈತ. ಯಾವ ಹೊತ್ತಿನಲ್ಲಿ ಯಾವುದರ ಸಂಖ್ಯೆ ಎಷ್ಟಾಗುತ್ತದೆ ಎಂದು ಹೇಳಲು ಸಮೀಕರಣ ಬೇಕು, ಅಂಕಿಅಂಶ ಬೇಕು, ಪ್ರೋಗ್ರಾಮಿಂಗ್‌ ಬೇಕು. ನಾವು ಎಂಜಿನಿಯರಿಂಗ್‌ನವರು ಕಲಿಯುವುದು ಅದನ್ನೇ ತಾನೆ?

2023ರಲ್ಲಿ ಬೆಂಬಲ ಬೆಲೆಗಿಂತ ಕೆಳಗೆ ಬಿದ್ದು ರೈತರನ್ನು ಬೀದಿಗಿಳಿಸಿದ್ದ ಉಂಡೆ ಕೊಬ್ಬರಿ, 2025ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಕ್ವಿಂಟಲ್‌ಗೆ 20 ಸಾವಿರ ದಾಟಿತು. ಎಲ್ಲರೂ ಬೆಲೆಯ ಮಾತಾಡಿದರು. ಅಟ್ಟದಲ್ಲಿ ಕಾಯಿಯೇ ಕಡಿಮೆ ಇತ್ತು ಎಂಬುದು ಆ ಖುಷಿಯಲ್ಲಿ ಅರ್ಧ ಮರೆತೇಹೋಯಿತು.

ಎಂಜಿನಿಯರಿಂಗ್‌ನಿಂದ ಇತ್ತ ಬಂದವರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ. ಚಿರತೆಗಳ ಅಧ್ಯಯನಕ್ಕೆ ಹೆಸರಾದ ಸಂಜಯ್‌ ಗುಬ್ಬಿ ಮೂಲತಃ ಎಲೆಕ್ಟ್ರಿಕಲ್‌ ಎಂಜಿನಿಯರ್‌. ಬ್ರಿಟನ್ನಿನ ಕೆಂಟ್‌ ವಿಶ್ವವಿದ್ಯಾಲಯದಲ್ಲಿ ಸಂರಕ್ಷಣಾ ಜೀವವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಮಾಡಿದರು, ಚಿರತೆಗಳ ಬಗ್ಗೆ ಪಿಎಚ್‌.ಡಿ. ಮಾಡಿದ್ದು ನಮ್ಮ ಕುವೆಂಪು ವಿಶ್ವವಿದ್ಯಾಲಯದಲ್ಲಿ. 2017ರಲ್ಲಿ ವಿಟ್ಲಿ ಪ್ರಶಸ್ತಿ ಬಂತು. ಚಿಕ್ಕನಾಯಕನಹಳ್ಳಿಗೆ ದೂರವಿಲ್ಲದ ಬುಕ್ಕಾಪಟ್ಟಣದ ಕುರುಚಲು ಕಾಡಿನಲ್ಲಿ ಚಿಂಕಾರಾ ಇರುವುದನ್ನು ದಾಖಲಿಸಿದ್ದು ಅವರ ತಂಡ. 2019ರಲ್ಲಿ ಅದು ವನ್ಯಜೀವಿಧಾಮವಾಯಿತು. ಹೊರಗೆ ಓದಿದ್ದು ಊರ ಪಕ್ಕಕ್ಕೇ ಉಪಯೋಗಕ್ಕೆ ಬಂದ ಇಂಥ ಉದಾಹರಣೆ ನನ್ನ ಕ್ಲಾಸಿನಲ್ಲಿ ಎಷ್ಟು ಜನಕ್ಕೆ ಗೊತ್ತಿದೆಯೋ!

ಇನ್ನು ಅರ್ಹತೆ. ಯುರೋಪಿನಲ್ಲಿ ಈ ವಿಷಯಕ್ಕೆ ಹೆಸರಾಗಿರುವುದು ‘ಮೀಮ್‌’ ಎಂಬ ಎರಾಸ್ಮಸ್‌ ಮುಂಡಸ್‌ ಕೋರ್ಸ್‌. ಗ್ರೋನಿಂಗೆನ್‌, ಮ್ಯೂನಿಕ್‌, ಮೊಂಪೆಲಿಯೇ, ಉಪ್ಸಲಾ ವಿಶ್ವವಿದ್ಯಾಲಯಗಳು ಸೇರಿ ನಡೆಸುತ್ತವೆ. ಅದಕ್ಕೆ ಜೀವವಿಜ್ಞಾನದ ಪದವಿ ಅಥವಾ ಅದಕ್ಕೆ ಸಮನಾದದ್ದು ಬೇಕು. ಜರ್ಮನಿಯ ವಿಶ್ವವಿದ್ಯಾಲಯಗಳೂ ಅಂಕಪಟ್ಟಿಯಲ್ಲಿ ಜೀವವಿಜ್ಞಾನದ ಕ್ರೆಡಿಟ್‌ ಎಷ್ಟಿದೆ ಎಂದು ಎಣಿಸುತ್ತವೆ. ವಿಟಿಯು ನಮಗೆ ನಾಲ್ಕನೇ ಸೆಮಿಸ್ಟರ್‌ನಲ್ಲಿ ‘ಬಯಾಲಜಿ ಫಾರ್‌ ಎಂಜಿನಿಯರ್ಸ್‌’ ಕೊಟ್ಟಿದೆ ನಿಜ. ಅದರಲ್ಲಿ ಮಿದುಳು ಸಿಪಿಯು, ಕಣ್ಣು ಕ್ಯಾಮೆರಾ, ಹೃದಯ ಪಂಪು. ಡಾರ್ವಿನ್‌ಗೆ ಅಲ್ಲಿ ಸೀಟು ಸಿಕ್ಕಿಲ್ಲ! ಅಷ್ಟನ್ನೇ ಹಿಡಿದು ಮ್ಯೂನಿಕ್‌ನ ಬಾಗಿಲು ತಟ್ಟಿದರೆ ತೆರೆಯುವುದು ಕಷ್ಟ.

ಹಣದ ವಿಷಯಕ್ಕೆ ಬಂದರೆ, ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಬಾಡೆನ್‌–ವ್ಯುರ್ಟೆಂಬರ್ಗ್‌ ರಾಜ್ಯ ಮಾತ್ರ 2017ರಿಂದ ಹೊರದೇಶದವರಿಂದ ಸೆಮಿಸ್ಟರ್‌ಗೆ 1,500 ಯೂರೋ ಪಡೆಯುತ್ತಿದೆ. ಹಾಗೆಂದು ‘ಜರ್ಮನಿ ಫ್ರೀ’ ಎಂದು ಕನ್ಸಲ್ಟೆನ್ಸಿಯವರು ಹೇಳುವುದನ್ನು ಪೂರ್ತಿ ನಂಬಬೇಡಿ. ವೀಸಾಕ್ಕೆ ಮೊದಲು ವರ್ಷದ ಖರ್ಚಿಗೆಂದು 11,904 ಯೂರೋವನ್ನು ಬ್ಲಾಕ್ಡ್‌ ಖಾತೆಯಲ್ಲಿ ಇಟ್ಟು ತೋರಿಸಬೇಕು. ಯೂರೋಗೆ ಸುಮಾರು 100 ರೂಪಾಯಿ ಎಂದುಕೊಂಡರೆ ಹತ್ತಿರ ಹತ್ತಿರ 12 ಲಕ್ಷ. ಆ ದುಡ್ಡು ತಿಂಗಳು ತಿಂಗಳು ನಮಗೇ ವಾಪಸ್‌ ಬರುತ್ತದೆ, ಆದರೆ ಮೊದಲೇ ಒಟ್ಟಿಗೆ ಹೊಂದಿಸಬೇಕಲ್ಲ! 2025ರ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ರೂಪಾಯಿಯಲ್ಲಿ ಲೆಕ್ಕ ಹಾಕಿದರೆ ಇದು ಸುಮಾರು 100 ಕ್ವಿಂಟಲ್‌ ಕೊಬ್ಬರಿ. ನಮ್ಮ ಮೂರು ಎಕರೆಯಲ್ಲಿ ವರ್ಷಕ್ಕೆ 15 ಕ್ವಿಂಟಲ್‌ ಆದರೆ ಅದೇ ದೊಡ್ಡದು.

ಸಾಲ ತೆಗೆಯಬಹುದಲ್ಲ ಎನ್ನುತ್ತೀರಿ. ಏಳೂವರೆ ಲಕ್ಷ ದಾಟಿದರೆ ಬ್ಯಾಂಕ್‌ ಸಾಮಾನ್ಯವಾಗಿ ಅಡಮಾನ ಕೇಳುತ್ತದೆ, ಮತ್ತು ಬಹಳಷ್ಟು ಬ್ಯಾಂಕುಗಳು ಶಿಕ್ಷಣ ಸಾಲಕ್ಕೆ ಕೃಷಿ ಜಮೀನನ್ನು ಒಪ್ಪುವುದಿಲ್ಲ. ಊರಿಗೆಲ್ಲ ನಾವು ತೋಟದವರು, ಬ್ಯಾಂಕಿನ ಮುಂದೆ ಕೈಯಲ್ಲಿ ಏನೂ ಇಲ್ಲದವರು. ಪೇಟೆಯಲ್ಲಿ ಒಂದು ಸೈಟ್‌ ಇರುವ ಗೆಳೆಯನಿಗೆ ಸಿಗುವ ಸಾಲ ನೂರೈವತ್ತು ಮರ ಇರುವ ನಮಗೆ ಸಿಗುವುದಿಲ್ಲ. ವಿದೇಶದ ಓದಿನ ಬಗ್ಗೆ ಬರೆಯುವವರು ಈ ಮಾತು ಎತ್ತಿದ್ದನ್ನು ನಾನು ಓದಿಲ್ಲ.

ನನ್ನ ಅಭಿಪ್ರಾಯ ಇಷ್ಟು: ಈ ವಿಷಯಕ್ಕೆ ಸಾಲ ಮಾಡಿ ಹೋಗುವುದು ತಪ್ಪು. ಇದರಲ್ಲಿ ಎಂ.ಎಸ್ಸಿ. ಮುಗಿದ ಕೂಡಲೇ ಕ್ಯಾಂಪಸ್‌ ಪ್ಲೇಸ್‌ಮೆಂಟ್‌ ಇರುವುದಿಲ್ಲ. ಮುಂದೆ ಪಿಎಚ್‌.ಡಿ., ಇಲ್ಲವೇ ಸಂಸ್ಥೆಗಳಲ್ಲಿ ಪ್ರಾಜೆಕ್ಟ್‌ ಕೆಲಸ. ಆ ಸಂಬಳದಲ್ಲಿ ಕಂತು ಕಟ್ಟುವುದಾಗದು. ಹೋದರೆ ವಿದ್ಯಾರ್ಥಿವೇತನದಲ್ಲೇ ಹೋಗಬೇಕು. ಎರಾಸ್ಮಸ್‌ ಮುಂಡಸ್‌ ಆಯ್ಕೆಯಾದವರಿಗೆ ತಿಂಗಳಿಗೆ 1,400 ಯೂರೋ ಎರಡು ವರ್ಷ ಕೊಡುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ರಾಜ್ಯ ಸರ್ಕಾರದ ಪ್ರಬುದ್ಧ ಯೋಜನೆ ಇದೆ.

ಅದಕ್ಕೂ ಮೊದಲು ಇಲ್ಲೇ ಇರುವುದನ್ನು ನೋಡಿ. ಮಾಧವ ಗಾಡ್ಗೀಳರು ಹಾರ್ವರ್ಡ್‌ನಲ್ಲಿ ಓದಿ ವಾಪಸ್‌ ಬಂದು, 1983ರಲ್ಲಿ ಬೆಂಗಳೂರಿನ ಐಐಎಸ್‌ಸಿಯಲ್ಲಿ ಪರಿಸರ ವಿಜ್ಞಾನ ಕೇಂದ್ರ ಕಟ್ಟಿದರು. ನಾವು ಕಾದಂಬರಿಕಾರ ಎಂದಷ್ಟೇ ತಿಳಿದಿರುವ ಕೆ.ಎನ್‌. ಗಣೇಶಯ್ಯ ಜಿಕೆವಿಕೆಯಲ್ಲಿ ಸಸ್ಯಗಳ ವಿಕಾಸದ ಬಗ್ಗೆ ಸಂಶೋಧನೆ ಮಾಡಿದವರು. ಒಂದೇ ಕಾಯಿಯೊಳಗಿನ ಬೀಜಗಳು ಒಂದರ ಮೇಲೊಂದು ಪೈಪೋಟಿ ನಡೆಸುವುದೂ ಅವರ ಅಧ್ಯಯನದ ವಿಷಯ. ಬೆಂಗಳೂರಿನ ಎನ್‌ಸಿಬಿಎಸ್‌ನ ವನ್ಯಜೀವಿ ವಿಜ್ಞಾನ ಎಂ.ಎಸ್ಸಿ.ಗೆ ಬೇರೆ ವಿಷಯದ ಪದವೀಧರರೂ ಅರ್ಜಿ ಹಾಕಬಹುದು, ಪ್ರವೇಶ ಮಾತ್ರ ಎರಡು ವರ್ಷಕ್ಕೊಮ್ಮೆ.

ಗೇಟ್‌ ಪರೀಕ್ಷೆಯಲ್ಲಿ ‘ಇವೈ’ ಎಂಬ ಪತ್ರಿಕೆ ಇದೆ: ಎಕಾಲಜಿ ಆ್ಯಂಡ್‌ ಎವಲ್ಯೂಷನ್‌. ಎಂಜಿನಿಯರಿಂಗ್‌ನವರೂ ಬರೆಯಬಹುದು. ಪಠ್ಯಕ್ರಮ ಡೌನ್‌ಲೋಡ್‌ ಮಾಡಿ ನೋಡಿದೆ, ಸಂಖ್ಯಾಶಾಸ್ತ್ರದ ಭಾಗ ನಮಗೆ ಹೊಸದಲ್ಲ. ಜೀವಿಗಳ ನಡವಳಿಕೆ, ವಿಕಾಸದ ಭಾಗ ಮೊದಲಿನಿಂದ ಓದಬೇಕು. ಈ ರಜೆಯಲ್ಲಿ ಅದನ್ನು ಶುರು ಮಾಡಿದ್ದೇನೆ. ಜೊತೆಗೆ ತೋಟದ ಹತ್ತು ಮರ ಗುರುತು ಹಾಕಿ, ವಾರಕ್ಕೊಮ್ಮೆ ಕೆಳಗಿನ ಗರಿಗಳಲ್ಲಿ ಬಿಳಿನೊಣದ ಸುರುಳಿ ಎಷ್ಟಿವೆ, ಅವುಗಳಲ್ಲಿ ಕಣಜ ಹೊಕ್ಕು ಕಪ್ಪಾದ ಮರಿ ಎಷ್ಟು ಎಂದು ಎಣಿಸಿ ಬರೆದಿಡುತ್ತಿದ್ದೇನೆ. ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ಇದನ್ನೇ ತೆಗೆದುಕೊಳ್ಳಲು ಗೈಡ್‌ ಒಪ್ಪಿದರೆ, ಅರ್ಜಿಯಲ್ಲಿ ಬರೆಯಲು ಒಂದು ಸಾಲಾದರೂ ಇರುತ್ತದೆ.